ಕಾಫಿ ಕಣದಿಂದ ಓದಬೇಕಾದ ಬದುಕು

ಪ್ರತಿ ವರ್ಷ ಜುಲೈ ಕೊನೆಯಲ್ಲಿ ಉಳ್ಳಾಲದ ನೇತ್ರಾವತಿ ಸೇತುವೆಯ ಫೋಟೋ ವಾಟ್ಸ್ಯಾಪ್ ಗುಂಪುಗಳಲ್ಲಿ ಮತ್ತೆ ಓಡಾಡುತ್ತದೆ. ಕೆಳಗೆ ಎರಡು ಸಾಲು ಶ್ರದ್ಧಾಂಜಲಿ, ಒಂದು ಕೈಮುಗಿಯುವ ಚಿತ್ರ. ಕಳುಹಿಸುವವರ ಮನಸ್ಸು ಒಳ್ಳೆಯದೇ. ಆದರೆ ಕೆಫೆ ಕಾಫಿ ಡೇ ಕಟ್ಟಿ 2019ರಲ್ಲಿ ತೀರಿಕೊಂಡ ವಿ.ಜಿ. ಸಿದ್ಧಾರ್ಥ ಹೆಗ್ಡೆಯವರ ಸುಮಾರು ಅರವತ್ತು ವರ್ಷದ ಬದುಕನ್ನು ಅವರ ಕೊನೆಯ ಸಂಜೆಯಿಂದ ಹಿಂದಕ್ಕೆ ಓದುವುದು ಚಿಕ್ಕಮಗಳೂರಿನವರಾದ ನಮಗೆ ಸಲ್ಲದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ದೆಹಲಿಯವರು, ಮುಂಬೈಯವರು ಹಾಗೆ ಓದಲಿ. ನಮ್ಮ ಹತ್ತಿರ ಬೇರೆ ಪುರಾವೆಗಳಿವೆ. ಕಾಫಿ ಕಣದಲ್ಲಿ, ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸಿನ ಗೇಟಿನಲ್ಲಿ, ಮಕ್ಕಳು ಊರು ಬಿಟ್ಟು ಕೆಲಸಕ್ಕೆ ಹೋದ ಮನೆಗಳಲ್ಲಿ ಅವು ಸಿಗುತ್ತವೆ.

ನಮ್ಮದು ಆಲ್ದೂರು ಕಡೆಯ ಸಣ್ಣ ತೋಟ. ಮೇಲಿನ ಭಾಗ ಅರೇಬಿಕಾ, ಹಳ್ಳದ ಬದಿಗೆ ಸ್ವಲ್ಪ ರೊಬಸ್ಟಾ, ಸಿಲ್ವರ್ ಮರಗಳಿಗೆ ಹಬ್ಬಿದ ಮೆಣಸು. ಸಿದ್ಧಾರ್ಥ ಅವರನ್ನು ನಾನು ಹತ್ತಿರದಿಂದ ಬಲ್ಲವಳಲ್ಲ. ಮದುವೆ ಮನೆಗಳಲ್ಲಿ ದೂರದಿಂದ ಕಂಡಿದ್ದೇನೆ, ಅಷ್ಟೆ. ಅವರ ಕೆಲಸ ಮಾತ್ರ ನಮ್ಮ ಮನೆಯೊಳಗೇ ಬಂದಿತ್ತು.

ಅದು ಹೇಗೆಂದು ಹೇಳಬೇಕಾದರೆ ಪೂಲಿನ ಕಾಲದಿಂದ ಶುರುಮಾಡಬೇಕು. ಈಗಿನ ಹುಡುಗರಿಗೆ ಪೂಲ್ ಎಂದರೆ ರೆಸಾರ್ಟಿನ ಈಜುಕೊಳ. ನಮ್ಮ ಅಪ್ಪಯ್ಯನ ತಲೆಮಾರಿಗೆ ಅದು ಕಾಫಿ ಬೋರ್ಡಿನ ಪೂಲ್. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋಗಿ ಬೆಳೆಗಾರರು ಕಂಗಾಲಾದಾಗ ಸರ್ಕಾರ ಕಾಫಿ ಬೋರ್ಡ್ ಮಾಡಿತು. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆದವನು ಮನೆಖರ್ಚಿಗೆ ಒಂದಿಷ್ಟು ಇಟ್ಟುಕೊಂಡು ಉಳಿದದ್ದೆಲ್ಲವನ್ನೂ ಬೋರ್ಡಿಗೆ ಒಪ್ಪಿಸಬೇಕು. ಎಲ್ಲರ ಕಾಫಿ ಒಟ್ಟಿಗೆ ಸೇರುತ್ತದೆ, ಬೋರ್ಡು ಹರಾಜು ಹಾಕುತ್ತದೆ, ಬಂದ ಹಣವನ್ನು ಕಾಫಿಯ ಬಗೆ, ದರ್ಜೆಗೆ ತಕ್ಕ ಅಂಕದ ಲೆಕ್ಕದಲ್ಲಿ ಹಂಚುತ್ತದೆ. ಮೊದಲು ಒಂದು ಮುಂಗಡ, ಆಮೇಲೆ ಕಂತು. ಕೊನೆಯ ಕಂತು ಕೈಗೆ ಬರುವಷ್ಟರಲ್ಲಿ ಮುಂದಿನ ಕೊಯ್ಲೇ ಮುಗಿದಿರುವುದೂ ಇತ್ತು. ಕಷ್ಟಕಾಲದಲ್ಲಿ ಪೂಲ್ ಬೆಳೆಗಾರನನ್ನು ಕಾಪಾಡಿತು, ಸುಳ್ಳಲ್ಲ. ಆದರೆ ತನ್ನ ಕಾಫಿ ಯಾರಿಗೆ ಹೋಯಿತು, ಎಷ್ಟಕ್ಕೆ ಹೋಯಿತು, ಕುಡಿದವನು ಏನಂದ ಎಂಬುದು ಬೆಳೆದವನಿಗೆ ಗೊತ್ತೇ ಆಗುತ್ತಿರಲಿಲ್ಲ. ಅಪ್ಪಯ್ಯ ಬೋರ್ಡಿನ ಚೀಟಿಗಳನ್ನು ತಗಡಿನ ಡಬ್ಬಿಯಲ್ಲಿ ಜೋಪಾನವಾಗಿ ಇಡುತ್ತಿದ್ದರು. ಶಾಲೆ ಫೀಸಿನ ಮಾತು ಬಂದಾಗಲೆಲ್ಲ ಆ ಡಬ್ಬಿ ಕೆಳಗಿಳಿಯುತ್ತಿತ್ತು.

1989ರಲ್ಲಿ, ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬಹುದು ಎಂದು ಗೊತ್ತುಮಾಡುತ್ತಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಕುಸಿಯಿತು. 1991ರಲ್ಲಿ ನಮ್ಮ ಕಾಫಿಯ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಬೆಳೆಗಾರರು ಬೀದಿಗಿಳಿದರು. ಸರ್ಕಾರ ಮೊದಲು ಬೆಳೆಯ ಒಂದು ಭಾಗವನ್ನು ದೇಶದೊಳಗೆ ಮಾರಲು ಬಿಟ್ಟಿತು, ಆಮೇಲೆ ಅರ್ಧವನ್ನು, 1996ರ ಹೊತ್ತಿಗೆ ಪೂರ್ತಿಯನ್ನು. ಸ್ವಾತಂತ್ರ್ಯ ಸಿಕ್ಕಿತು ಸರಿ, ಕೊಳ್ಳುವವರು ಯಾರು? ಐವತ್ತು ವರ್ಷ ಬೋರ್ಡಿಗೆ ಹಾಕಿ ಗೊತ್ತಿದ್ದ ಜನಕ್ಕೆ ಮಾರುವುದು ಗೊತ್ತಿರಲಿಲ್ಲ. ಈ ಸಂದಿಯಲ್ಲಿ, 1993ರಲ್ಲಿ, ಸಿದ್ಧಾರ್ಥ ಅಮಾಲ್ಗಮೇಟೆಡ್ ಬೀನ್ ಕಾಫಿ ಟ್ರೇಡಿಂಗ್ ಕಂಪನಿ ಶುರುಮಾಡಿದರು. ನಮ್ಮೂರಿನವರ ಬಾಯಲ್ಲಿ ಅದು ‘ಎಬಿಸಿ’.

ಆಗ ಅವರಿಗೆ ಮೂವತ್ತನಾಲ್ಕರ ಆಸುಪಾಸು. ಮೂಡಿಗೆರೆ ತಾಲ್ಲೂಕಿನ ಕಾಫಿ ಮನೆತನದ ಒಬ್ಬನೇ ಮಗ. ಮಂಗಳೂರಿನ ಸೇಂಟ್ ಅಲೋಶಿಯಸ್‌ನಲ್ಲಿ ಓದು. ತೋಟ ನೋಡಿಕೊಂಡು ಆರಾಮಾಗಿ ಇರಬಹುದಿತ್ತು. ಅವರು ಮುಂಬೈಗೆ ಹೋದರು, ಜೆಎಂ ಫೈನಾನ್ಶಿಯಲ್‌ನ ಮಹೇಂದ್ರ ಕಂಪಾನಿಯವರ ಕೈಕೆಳಗೆ ಷೇರು ವ್ಯವಹಾರ ಕಲಿತರು, ವಾಪಸ್ ಬಂದು ಬೆಂಗಳೂರಿನಲ್ಲಿ ಶಿವನ್ ಸೆಕ್ಯುರಿಟೀಸ್ ಎಂಬ ಸಣ್ಣ ಸಂಸ್ಥೆಯನ್ನು ಕೊಂಡು ಬೆಳೆಸಿದರು. ಅದೇ ಮುಂದೆ ವೇ2ವೆಲ್ತ್ ಆಯಿತು. ತಂದೆ ಗಂಗಯ್ಯ ಹೆಗ್ಡೆ ಬಂಡವಾಳಕ್ಕೆ ಹಣ ಕೊಟ್ಟಿದ್ದರು. ಷೇರಿನಲ್ಲಿ ದುಡಿದದ್ದನ್ನು ಮಗ ಮತ್ತೆ ತೋಟಕ್ಕೇ ತಂದು ಸುರಿದದ್ದು ನನಗೆ ಮುಖ್ಯವಾಗಿ ಕಾಣುತ್ತದೆ. ಮಲೆನಾಡಿನ ಕಾಫಿ ದುಡ್ಡು ಬೆಂಗಳೂರಿನ ಸೈಟುಗಳಿಗೆ ಹರಿದುಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಅವರಲ್ಲಿ ಆ ಹರಿವು ತಿರುಗಿತ್ತು.

ಎಬಿಸಿ ಬಂದ ಮೇಲೆ ನಮ್ಮ ಮನೆಯಲ್ಲಿ ಏನಾಯಿತು? ಮೂಟೆ ಇಳಿಸಿ, ತೇವಾಂಶ ನೋಡಿ, ಓಟಿ ತೆಗೆದು, ದರ ಹೇಳಿ, ಹಣ ಕೊಡುವವರು ಊರಿನಲ್ಲೇ ಸಿಕ್ಕರು. ಓಟಿ ಎಂದರೆ ಐವತ್ತು ಕೆಜಿ ಒಣಗಿದ ಕಾಫಿಯಿಂದ ಎಷ್ಟು ಕೆಜಿ ಶುದ್ಧ ಬೀಜ ಬರುತ್ತದೆ ಎಂಬ ಲೆಕ್ಕ. ಚೆರಿ, ಅಂದರೆ ಹಣ್ಣನ್ನು ಸಿಪ್ಪೆಸಮೇತ ಒಣಗಿಸಿದ ಕಾಫಿ, ಅದರ ವ್ಯಾಪಾರ ನಡೆಯುವುದೇ ಈ ಲೆಕ್ಕದ ಮೇಲೆ. ಮೊದಲು ಈ ಲೆಕ್ಕಗಳೆಲ್ಲ ಎಲ್ಲೋ ನಡೆದು ಚೀಟಿಯಲ್ಲಿ ಬರುತ್ತಿದ್ದವು. ಈಗ ಅಪ್ಪಯ್ಯ ತಾವೇ ನಿಂತು ನೋಡಿದರು. ಹಣ್ಣು ಸರಿಯಾಗಿ ಆರಿಸಿ ಕೊಯ್ದರೆ, ಪಲ್ಪರ್ ಯಂತ್ರದಲ್ಲಿ ಸಿಪ್ಪೆ ಬಿಡಿಸಿ ಹದವಾಗಿ ಕೊಳೆಸಿ ತೊಳೆದರೆ, ಕಣದಲ್ಲಿ ಕಲ್ಲು ಮಣ್ಣು ಸೇರದಂತೆ ಒಣಗಿಸಿದರೆ ಅದಕ್ಕೆ ತಕ್ಕ ಬೆಲೆ ಉಂಟು ಎಂದು ಗೊತ್ತಾಯಿತು. ಆ ವರ್ಷಗಳಲ್ಲೇ, 1994ರಲ್ಲಿ, ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ತೋಟಗಳು ಸುಟ್ಟುಹೋಗಿ ಜಗತ್ತಿನ ದರ ಏರಿತು. ಪೂಲಿನ ಕಾಲವಾಗಿದ್ದರೆ ಆ ಏರಿಕೆ ನಮ್ಮ ಅಂಗಳಕ್ಕೆ ಬರುವಷ್ಟರಲ್ಲಿ ಸಣಕಲಾಗಿರುತ್ತಿತ್ತು. ಆ ಸಲ ಬಂತು. ನಮ್ಮ ಮನೆಗೆ ಹೆಂಚು ಹೋಗಿ ಆರ್‌ಸಿಸಿ ಬಂದದ್ದು, ನಾನು ಪಿಯುಸಿ ದಾಟಿ ಓದಿದ್ದು ಆ ದುಡ್ಡಿನಲ್ಲಿ. ದರ ಏರಿದ್ದಕ್ಕೆ ಸಿದ್ಧಾರ್ಥ ಕಾರಣರಲ್ಲ. ಏರಿದ ದರ ಬೆಳೆಗಾರನವರೆಗೆ ಮುಟ್ಟುವ ದಾರಿಗಳಲ್ಲಿ ಒಂದನ್ನು ಅವರು ಕಟ್ಟಿಟ್ಟಿದ್ದರು.

ಎಬಿಸಿ ಒಂದೇ ಅಲ್ಲ, ಬೇರೆ ವ್ಯಾಪಾರಿಗಳೂ ಬಂದರು, ಹಳೆಯ ಕ್ಯೂರಿಂಗ್ ವರ್ಕ್ಸ್‌ಗಳೂ ಇದ್ದವು. ಆದರೆ ಕೊಂಡ ಬೀಜವನ್ನು ಹಡಗಿಗೆ ಹತ್ತಿಸಿ ಕೈತೊಳೆದುಕೊಳ್ಳದೆ, ಅದು ಕೊನೆಗೆ ಯಾರ ಕೈಯ ಕಪ್ಪಿಗೆ ಹೋಗುತ್ತದೆ ಎಂದು ಬೆನ್ನುಹತ್ತಿ ಹೋದವರು ಇವರು. ಜರ್ಮನಿಯ ಚೀಬೊ ಕಂಪನಿ ಒಂದು ಸಣ್ಣ ಅಂಗಡಿಯಿಂದ ಬೆಳೆದ ಕಥೆ ಅವರ ತಲೆಯಲ್ಲಿ ಕೂತಿತ್ತು. 1996ರ ಜುಲೈ 11ರಂದು ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆಯಿತು. ನೂರು ರೂಪಾಯಿಗೆ ಒಂದು ಕಪ್ ಕಾಫಿ, ಜೊತೆಗೆ ಒಂದು ಗಂಟೆ ಇಂಟರ್ನೆಟ್. ಜನಸಾಮಾನ್ಯರಿಗೆ ಇಂಟರ್ನೆಟ್ ಬಂದು ಆಗಿನ್ನೂ ಒಂದು ವರ್ಷ. ನಮ್ಮೂರಲ್ಲಿ ಸುದ್ದಿ ಕೇಳಿದ ದೊಡ್ಡಪ್ಪ, ‘ನೂರು ರೂಪಾಯಿ ಕೊಟ್ಟು ಕಾಫಿ ಕುಡಿಯೋರು ಯಾರಾದ್ರೂ ಉಂಟೇನ?’ ಎಂದು ನಕ್ಕಿದ್ದರು. ಕುಡಿಯುವವರು ಇದ್ದರು. 2005ರಲ್ಲಿ ಕಾಫಿ ಮನೆಗಳಿಗೇ ಹೆಸರಾದ ವಿಯೆನ್ನಾದಲ್ಲೂ ಒಂದು ಕೆಫೆ ತೆರೆದರು. 2019ರ ಹೊತ್ತಿಗೆ ದೇಶದಲ್ಲಿ 1,700ಕ್ಕೂ ಹೆಚ್ಚು ಕೆಫೆಗಳಿದ್ದವು. ಆಫೀಸುಗಳಲ್ಲಿ, ಆಸ್ಪತ್ರೆಗಳಲ್ಲಿ ನಿಂತ ಕಾಫಿ ಮಷೀನುಗಳು ಬೇರೆ.

ಉತ್ತರ ಭಾರತ ಚಹಾದ ನಾಡು. 1995ರ ಸುಮಾರಿಗೆ ಇಡೀ ದೇಶ ವರ್ಷಕ್ಕೆ ಕುಡಿಯುತ್ತಿದ್ದ ಕಾಫಿ ಐವತ್ತು ಸಾವಿರ ಟನ್ನಿನಷ್ಟು, ಅದರಲ್ಲಿ ಬಹುಪಾಲು ನಮ್ಮ ದಕ್ಷಿಣದ್ದೇ. 2011ರ ಹೊತ್ತಿಗೆ ಅದು ಒಂದು ಲಕ್ಷ ಟನ್ ದಾಟಿತ್ತು. ಎಲ್ಲವೂ ಒಬ್ಬರಿಂದ ಆದದ್ದಲ್ಲ. ಆದರೂ ಚಂಡೀಗಢದ, ಲಖನೌದ ಕಾಲೇಜು ಹುಡುಗರಿಗೆ ಕಾಫಿ ಕುಡಿಯಲು ಒಂದು ಜಾಗ ಅಂತ ಮಾಡಿಕೊಟ್ಟವರು ಯಾರು ಎಂದು ಕೇಳಿದರೆ ಬರುವ ಉತ್ತರ ಒಂದೇ.

ನನ್ನ ಮಟ್ಟಿಗೆ ಅವರ ಅತಿ ದೊಡ್ಡ ಕೆಲಸ ಆ ಕೌಂಟರಿನ ಹಿಂದೆ ನಿಂತ ಮಕ್ಕಳು. ಕೆಫೆಗಳಿಗೆ ಜನ ಬೇಕಾದಾಗ ಅವರು ನಗರದ ಇಂಗ್ಲಿಷ್ ಹುಡುಗರನ್ನಷ್ಟೇ ನೋಡಲಿಲ್ಲ. ಚಿಕ್ಕಮಗಳೂರಿನಲ್ಲೇ ತರಬೇತಿ ಶಾಲೆ ತೆರೆದರು. ಹತ್ತನೇ ತರಗತಿ, ಪಿಯುಸಿ ಮುಗಿಸಿ ಮುಂದೆ ದಾರಿಯಿಲ್ಲದೆ ಕೂತಿದ್ದ ಹಳ್ಳಿಯ ಹುಡುಗ ಹುಡುಗಿಯರು ಅಲ್ಲಿ ಕಾಫಿ ಹದ ಮಾಡುವುದು, ಹಾಲು ನೊರೆ ಬರಿಸುವುದು, ಗಿರಾಕಿಯ ಕಣ್ಣು ನೋಡಿ ಮಾತಾಡುವುದು ಕಲಿತರು. ನಮ್ಮ ತೋಟದ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಬೆಳೆದ ಒಬ್ಬ ಹುಡುಗ ಹಾಗೆ ಹೋದ. ಅವನ ತಾಯಿ ನಮ್ಮಲ್ಲಿ ಕೊಯ್ಲಿಗೆ ಬರುತ್ತಿದ್ದರು. ಮೊದಲು ಬೆಂಗಳೂರು, ಆಮೇಲೆ ಪುಣೆ, ಆಮೇಲೆ ಗುರುಗ್ರಾಮ. ಒಂದು ದೀಪಾವಳಿಗೆ ಬಂದವನು ನಮ್ಮ ಅಡುಗೆಮನೆಯಲ್ಲಿ ನಿಂತು ಅಮ್ಮನಿಗೆ ಹೇಳಿದ: ‘ಅಮ್ಮಾವ್ರೆ, ನಮ್ಮವ್ವ ಕೊಯ್ದ ಹಣ್ಣಿನ ಕಾಫಿನ ನಾನು ಡೆಲ್ಲಿ ಜನಕ್ಕೆ ಮಾಡಿ ಕೊಡ್ತೀನಿ ನೋಡಿ.’ ಅಮ್ಮ ಅವನಿಗೆ ಕುರ್ಚಿ ಹಾಕಿ ಕೂರಿಸಿದರು. ಮಲೆನಾಡಿನ ತೋಟದ ಮನೆಗಳಲ್ಲಿ ಯಾರಿಗೆ ಕುರ್ಚಿ, ಯಾರಿಗೆ ಜಗಲಿಯ ಅಂಚು ಎಂಬ ಲೆಕ್ಕ ಬಲ್ಲವರಿಗೆ ಈ ಮಾತಿನ ತೂಕ ತಿಳಿಯುತ್ತದೆ. ನಾವೇ ಮಾಡಬೇಕಿದ್ದ ಕೆಲಸವನ್ನು ಒಂದು ಸಂಬಳದ ಚೀಟಿ ಮಾಡಿಸಿತು.

ಅಂಥ ಮನೆಗಳು ಈ ಜಿಲ್ಲೆಯಲ್ಲಿ, ಪಕ್ಕದ ಹಾಸನದಲ್ಲಿ, ಎಷ್ಟೋ. ಆಲ್ದೂರು, ಬಾಳೆಹೊನ್ನೂರು, ಕಳಸ, ಸಕಲೇಶಪುರದ ಬಸ್‌ಸ್ಟ್ಯಾಂಡುಗಳಲ್ಲಿ ಹಬ್ಬಕ್ಕೆ ಇಳಿಯುವ ಹುಡುಗರ ಬ್ಯಾಗು ನೋಡಿಯೇ ‘ಕಾಫಿ ಡೇ ಹುಡ್ಗ’ ಎಂದು ಗುರುತು ಹಿಡಿಯುವ ಕಾಲವಿತ್ತು. ಕ್ಯೂರಿಂಗ್ ವರ್ಕ್ಸಿನಲ್ಲಿ ಗಾರ್ಬ್ಲಿಂಗ್ ಮಾಡುವ ಹೆಂಗಸರು, ಅಂದರೆ ಬೀಜ ಆರಿಸಿ ಕರಿಕಾಳು ತೆಗೆಯುವವರು, ಅವರ ಲೆಕ್ಕ ಬೇರೆಯೇ. ಸಿದ್ಧಾರ್ಥ ಅವರ ತಂದೆಯ ಹೆಸರಿನ ಟ್ರಸ್ಟಿನಿಂದ ನಡೆದ ಆಂಬರ್ ವ್ಯಾಲಿ ಶಾಲೆ ಅನುಕೂಲಸ್ಥರ ಮಕ್ಕಳ ಶಾಲೆ ಎಂಬ ಮಾತಿದೆ. ಇರಲಿ, ನನಗೆ ತರಬೇತಿ ಶಾಲೆಯೇ ಹೆಚ್ಚು.

ಇಷ್ಟು ಹೇಳಿ ಸಾಲದ ಮಾತು ಬಿಟ್ಟರೆ ಈ ಬರಹ ಹೊಗಳಿಕೆಯಾಗಿಬಿಡುತ್ತದೆ. 2015ರಲ್ಲಿ ಕಂಪನಿ ಷೇರುಪೇಟೆಗೆ ಬಂದು 1,150 ಕೋಟಿ ರೂಪಾಯಿ ಎತ್ತಿತು. ಆದರೂ ಸಾಲ ಬೆಳೆಯುತ್ತಲೇ ಹೋಯಿತು. ಐಟಿ ಕಂಪನಿಯಾದ ಮೈಂಡ್‌ಟ್ರೀಯಲ್ಲಿ ಇದ್ದ ತಮ್ಮ ಪಾಲನ್ನು 2019ರಲ್ಲಿ ಎಲ್ ಅಂಡ್ ಟಿಗೆ ಮಾರಿದರು, ಮೂರು ಸಾವಿರ ಕೋಟಿಗೂ ಮೀರಿದ ವ್ಯವಹಾರ. ಅದೂ ಸಾಲಲಿಲ್ಲ. ಅವರು ಹೋದ ಮೇಲೆ ನಡೆದ ತನಿಖೆಯ ವರದಿ 2020ರ ಜುಲೈನಲ್ಲಿ ಬಂತು. ಕಾಫಿ ಡೇಯ ಅಂಗಸಂಸ್ಥೆಗಳಿಗೆ ಅವರ ಖಾಸಗಿ ಸಂಸ್ಥೆಯಾದ ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್‌ನಿಂದ 2,693 ಕೋಟಿ ರೂಪಾಯಿ ಬರಬೇಕಿದೆ ಎಂದು ಅದು ಹೇಳಿತು. ಮುಂದೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಕಂಪನಿಗೆ ದಂಡವನ್ನೂ ಹಾಕಿತು. ಷೇರು ಕೊಂಡು ಕಳೆದುಕೊಂಡವರಲ್ಲಿ ನಮ್ಮ ಜಿಲ್ಲೆಯವರೂ ಇದ್ದಾರೆ, ‘ನಮ್ಮ ಸಿದ್ಧಾರ್ಥನ ಕಂಪನಿ’ ಎಂದು ಅಭಿಮಾನಕ್ಕೆ ಕೊಂಡವರು. ಅವರ ಸಿಟ್ಟು ನ್ಯಾಯವಾದದ್ದು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಆದದ್ದನ್ನು ಆದಹಾಗೆ ಹೇಳುವುದು ಕೆಟ್ಟದ್ದಲ್ಲ. ಅವರು ಕಟ್ಟಿದ್ದೂ ಅಷ್ಟೇ ಗಟ್ಟಿಯಾಗಿ ನಿಂತಿರುವುದರಿಂದ, ಈ ಮಾತು ಹೇಳಿದ ಮೇಲೂ ನನ್ನ ಗೌರವ ಕುಗ್ಗುವುದಿಲ್ಲ.

ಸಾಲ ಅಂದಾಗ ನನಗೆ ನೆನಪಾಗುವುದು 2001, 2002ರ ವರ್ಷಗಳು. ಜಗತ್ತಿನಲ್ಲೆಲ್ಲ ಕಾಫಿ ದರ ನೆಲಕಚ್ಚಿತ್ತು, ಕೊಯ್ಲಿನ ಕೂಲಿಯೂ ಹುಟ್ಟುತ್ತಿರಲಿಲ್ಲ. ಅರೇಬಿಕಾಕ್ಕೆ ಬಿಳಿ ಕಾಂಡಕೊರಕ ಬಿದ್ದು ಗಿಡ ಗಿಡವೇ ಹಳದಿಯಾಗಿ ಬಾಗುತ್ತಿದ್ದವು. ಬ್ಯಾಂಕಿನಿಂದ ಬಂದ ಕಾಗದವನ್ನು ಅಪ್ಪಯ್ಯ ಯಾರಿಗೂ ತೋರಿಸದೆ ಜೇಬಿನಲ್ಲಿ ಮಡಚಿಟ್ಟುಕೊಂಡು ಓಡಾಡುತ್ತಿದ್ದರು. ಊಟಕ್ಕೆ ಕೂತರೆ ಮಾತಿಲ್ಲ. ಕೇಳಿದರೆ ‘ಏನಿಲ್ಲ ಮಗ, ತಲೆ ನೋವು’. ನಮ್ಮ ಕಡೆ ತೋಟ ಇದ್ದವನು ಸಾಲ ಇದೆ ಎನ್ನಬಾರದು, ಅದು ಮರ್ಯಾದೆಯ ಪ್ರಶ್ನೆ. ಹತ್ತು ಎಕರೆಯವನಿಗೂ ಹತ್ತು ಸಾವಿರ ಎಕರೆಯವನಿಗೂ ಅದೇ ಕಟ್ಟು. ಒಂದು ರಾತ್ರಿ ಚಿಕ್ಕಪ್ಪ ಬಂದು, ಅಪ್ಪಯ್ಯನನ್ನು ಕಣದ ಕಟ್ಟೆಯ ಮೇಲೆ ಕೂರಿಸಿಕೊಂಡು, ಆ ಕಾಗದಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ಲೆಕ್ಕ ಹಾಕಿದರು. ಮೂರು ವರ್ಷಕ್ಕೆ ತೀರಿಸಬಹುದು ಎಂದು ಲೆಕ್ಕ ಬಂತು. ತೀರಲು ಇನ್ನೂ ಹೆಚ್ಚು ಹಿಡಿಯಿತು, ಆದರೆ ಆ ರಾತ್ರಿ ಅಪ್ಪಯ್ಯ ನಿದ್ದೆ ಮಾಡಿದರು. ಇದನ್ನು ಓದುತ್ತಿರುವ ಯಾರ ಜೇಬಿನಲ್ಲಾದರೂ ಅಂಥ ಕಾಗದ ಇದ್ದರೆ, ದಯವಿಟ್ಟು ಯಾರ ಮುಂದಾದರೂ ಬಿಡಿಸಿಡಿ. ಮನೆಯವರ ಮುಂದೆ ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಸಿದ್ಧಾರ್ಥ ಅವರ ಕೊನೆಯ ದಿನಗಳ ಬಗ್ಗೆ, ಆಗ ಹೊರಬಂದ ಪತ್ರದ ಬಗ್ಗೆ ಸಾಕಷ್ಟು ಬರೆದಾಗಿದೆ, ನಾನು ಸೇರಿಸುವುದಿಲ್ಲ. 2019ರ ಜುಲೈ 31ರ ಮಧ್ಯಾಹ್ನ ಚಿಕ್ಕಮಗಳೂರಿನ ಎಬಿಸಿ ಆವರಣದಲ್ಲಿ ಕಂಡದ್ದನ್ನು ಮಾತ್ರ ಹೇಳುತ್ತೇನೆ. ಪೇಟೆಯ ಅಂಗಡಿಗಳು ಮುಚ್ಚಿದ್ದವು, ತೋಟಗಳಿಗೆ ರಜೆ ಕೊಟ್ಟಿದ್ದರು. ಸಾಲಿನಲ್ಲಿ ಶಾಸಕರು, ದೊಡ್ಡ ಪ್ಲಾಂಟರುಗಳು ಇದ್ದರು, ನಿಜ. ಆದರೆ ಸಾಲಿನ ಉದ್ದಕ್ಕೂ ಇದ್ದವರು ಲೆಕ್ಕ ಬರೆಯುವ ತೋಟದ ರೈಟರುಗಳು, ಲಾರಿ ಡ್ರೈವರುಗಳು, ಗಾರ್ಬ್ಲಿಂಗ್ ಹೆಂಗಸರು, ರಾತ್ರಿ ಬಸ್ಸು ಹಿಡಿದು ಬಂದ ಕೆಫೆ ಹುಡುಗರು. ನನ್ನ ಮುಂದೆ ನಿಂತಿದ್ದ ಹೆಂಗಸೊಬ್ಬರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಪಕ್ಕದವರಿಗೆ ಹೇಳುತ್ತಿದ್ದರು, ‘ನಮ್ಮ ಹುಡ್ಗಿ ಮದುವೆ ಈ ಕೆಲಸದ ದುಡ್ಡಲ್ಲೇ ಆಗಿದ್ದು ಕಣಕ್ಕ.’ ಸಂಜೆ ಮೂಡಿಗೆರೆ ಕಡೆಯ ಚೇತನಹಳ್ಳಿಯ ತಮ್ಮ ತೋಟದಲ್ಲೇ ಅವರ ಅಂತ್ಯಕ್ರಿಯೆಯಾಯಿತು. ಮೈಸೂರಿನ ಆಸ್ಪತ್ರೆಯಲ್ಲಿದ್ದ ತಂದೆ ಗಂಗಯ್ಯ ಹೆಗ್ಡೆಯವರೂ ಆಗಸ್ಟ್ 25ರಂದು ತೀರಿಕೊಂಡರು.

ಆಮೇಲಿನದನ್ನು ಪತ್ನಿ ಮಾಳವಿಕಾ ಹೆಗ್ಡೆಯವರು ಹೊತ್ತರು. 2020ರ ಡಿಸೆಂಬರಿನಲ್ಲಿ ಸಿಇಒ ಆದರು. ಬೆಂಗಳೂರಿನ ಗ್ಲೋಬಲ್ ವಿಲೇಜ್ ಟೆಕ್ ಪಾರ್ಕ್ ಮಾರಾಟವಾಯಿತು, ನಷ್ಟದ ಕೆಫೆಗಳು ಮುಚ್ಚಿದವು. ಏಳು ಸಾವಿರ ಕೋಟಿ ದಾಟಿದ್ದ ಸಾಲ 2021ರ ಮಾರ್ಚ್ ಹೊತ್ತಿಗೆ ಎರಡು ಸಾವಿರ ಕೋಟಿಗಿಂತ ಕೆಳಗೆ ಬಂತು. ಈಗ ಉಳಿದಿರುವ ಕೆಫೆಗಳು ಐನೂರಕ್ಕಿಂತ ಕಡಿಮೆ. ಉಳಿಸಿದ್ದು ಕಟ್ಟಿದ್ದಕ್ಕಿಂತ ಸಣ್ಣ ಸಾಹಸವಲ್ಲ, ಅದರ ಬಗ್ಗೆ ಬೇರೆಯೇ ಬರೆಯಬೇಕು.

ಕೆಫೆ ಮುಚ್ಚಿದಾಗ ಆ ಹುಡುಗರು ಏನಾದರು? ಕೆಲವರು ಬೇರೆ ಬ್ರ್ಯಾಂಡುಗಳ ಕೌಂಟರಿಗೆ ಹೋದರು. ಇವತ್ತು ಬೆಂಗಳೂರಿನ ಹೊಸ ಹೊಸ ಕಾಫಿ ಅಂಗಡಿಗಳಲ್ಲಿ ಮಷೀನಿನ ಹಿಂದೆ ನಿಂತವರ ಊರು ಕೇಳಿ ನೋಡಿ, ಮೂಡಿಗೆರೆ, ಕೊಪ್ಪ ಎಂಬ ಉತ್ತರ ಬರುವುದು ಅಪರೂಪವಲ್ಲ. ಇನ್ನು ಕೆಲವರು ವಾಪಸ್ ಬಂದರು. ನಮ್ಮ ಲೈನಿನ ಹುಡುಗನೂ ಕೋವಿಡ್ ವರ್ಷದಲ್ಲಿ ಬಂದ. ಬರುವಾಗ ಅವನ ಕೈಯಲ್ಲಿ ಉಳಿತಾಯ ಹೆಚ್ಚಿರಲಿಲ್ಲ. ಹುರಿದ ಬೀಜದ ವಾಸನೆಯಲ್ಲೇ ಅದು ಎಷ್ಟು ಹೊತ್ತು ಹುರಿದದ್ದು ಎಂದು ಹೇಳುವ ಮೂಗು ಇತ್ತು, ಗಿರಾಕಿಯೊಂದಿಗೆ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಹೆದರದೆ ಮಾತಾಡುವ ನಾಲಿಗೆ ಇತ್ತು. ಒಂದು ಸಣ್ಣ ರೋಸ್ಟರ್ ಸೆಕೆಂಡ್ ಹ್ಯಾಂಡ್ ತಂದು ಆಲ್ದೂರಿನಲ್ಲಿ ಬಾಡಿಗೆ ಕೋಣೆ ಹಿಡಿದ. ಪ್ರವಾಸಿಗರಿಗೆ ಪುಡಿ, ಹೋಮ್‌ಸ್ಟೇಗಳಿಗೆ ಹುರಿದ ಬೀಜ. ಪ್ಯಾಕೆಟ್ಟಿನ ಮೇಲೆ ತೋಟದ ಹೆಸರು, ಎತ್ತರ, ಕೊಯ್ದ ತಿಂಗಳು ಎಲ್ಲ ಬರೆಸುತ್ತಾನೆ. 2019ರಲ್ಲೇ ಚಿಕ್ಕಮಗಳೂರು ಅರೇಬಿಕಾಕ್ಕೂ ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ ಬೆಳೆದ ಊರಿನ ಹೆಸರು ಕಾಯುವ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತ್ತು. ಅದನ್ನು ನಿಜಕ್ಕೂ ದುಡ್ಡಾಗಿ ಮಾಡುವುದು ಇಂಥವರೇ ಎಂದು ನನಗನ್ನಿಸುತ್ತದೆ.

ಸಿದ್ಧಾರ್ಥ ಅವರ ಹೆಸರಿನಲ್ಲಿ ಪ್ರತಿಮೆ, ರಸ್ತೆ, ವೃತ್ತ ಬೇಕು ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಆಗಲಿ, ಬೇಡವೆನ್ನುವುದಿಲ್ಲ. ನನ್ನನ್ನು ಕೇಳಿದರೆ ಜಿಲ್ಲೆಗೆ ಬೇಕಾಗಿರುವುದು ಆ ತರಬೇತಿ ಶಾಲೆಯಂಥದ್ದೇ ಇನ್ನೊಂದು. ಕಾಫಿ ಬೋರ್ಡು, ಬೆಳೆಗಾರರ ಸಂಘಗಳು, ದರ ಏರಿದ ಈಚಿನ ವರ್ಷಗಳಲ್ಲಿ ಕೈತುಂಬ ಕಂಡ ದೊಡ್ಡ ತೋಟದವರು ಸೇರಿದರೆ ಅದು ಆಗದ ಮಾತಲ್ಲ. ಹುರಿಯುವುದು, ರುಚಿ ನೋಡುವುದು, ಲೆಕ್ಕ ಬರೆಯುವುದು, ಸಾಲ ಎಷ್ಟು ಮಾಡಬಹುದು ಎಲ್ಲಿ ನಿಲ್ಲಿಸಬೇಕು ಎಂಬುದು, ಇಷ್ಟನ್ನು ಅಲ್ಲಿ ಕಲಿಸಬೇಕು. ಲೈನಿನ ಮಕ್ಕಳಿಗೆ ಮೊದಲ ಸೀಟು. ನಮ್ಮ ಸಂಘದ ಸಭೆಯಲ್ಲಿ ಈ ಮಾತು ಎತ್ತಿದ್ದೇನೆ. ಇಬ್ಬರು ಜಾಗ ಕೊಡುತ್ತೇವೆ ಎಂದಿದ್ದಾರೆ, ಮುಂದಿನ ಸಭೆಗೆ ಅಂದಾಜು ವೆಚ್ಚ ತನ್ನಿ ಎಂದಿದ್ದಾರೆ ಅಧ್ಯಕ್ಷರು.

ವೆಚ್ಚದ ಪಟ್ಟಿಯನ್ನು ಆ ಹುಡುಗನ ಜೊತೆಯಲ್ಲೇ ಕೂತು ಮಾಡುತ್ತಿದ್ದೇನೆ. ರೋಸ್ಟರಿನ ಬೆಲೆ, ಕರೆಂಟಿನ ಖರ್ಚು, ಕಲಿಸುವವರ ಸಂಬಳ ಎಲ್ಲ ಅವನಿಗೆ ಬಾಯಿಪಾಠ. ಈ ಸಲದ ನಮ್ಮ ತೊಳೆದು ಒಣಗಿಸಿದ ಅರೇಬಿಕಾ ಪಾರ್ಚ್‌ಮೆಂಟಿನಲ್ಲಿ ಕೆಲವು ಮೂಟೆ ತನಗೇ ಬೇಕು ಎಂದು ಕೇಳಿದ್ದಾನೆ. ದರ ಇನ್ನೂ ಮಾತಾಗಿಲ್ಲ. ಅವನು ಹೇಳಿದ್ದಕ್ಕೆ ನಾನು ಒಪ್ಪಿಲ್ಲ, ನಾನು ಹೇಳಿದ್ದಕ್ಕೆ ಅವನು ಒಪ್ಪಿಲ್ಲ.